ಶಾಲು ಹೊದಿಸಿದ ಮೇಲೆ



ಹಲವು ವರ್ಷಗಳ ಹಿಂದೆ ನಮ್ಮ ಧರ್ಮಕೇಂದ್ರದಲ್ಲಿ ಅಗ್ನಿಶಾಮಕ ದಳದ ಒಬ್ಬರಿಗೆ ನಾನೇ ಶಾಲು ಹೊದಿಸಿ ಸನ್ಮಾನಿಸಿದ್ದೆ. ಕುಸಿದ ಕಟ್ಟಡದಡಿ ಸಿಲುಕಿದ್ದವರನ್ನು ಅವರು ಹೊರತೆಗೆದಿದ್ದರು. ಅವರು ನಿವೃತ್ತರಾದ ಬಳಿಕ ಮನೆಭೇಟಿಗೆ ಹೋದಾಗ ಅವರ ಪತ್ನಿ ಮೆಲ್ಲನೆ ಹೇಳಿದರು: "ಫಾದರ್, ಇವರು ಇಂದಿಗೂ ರಾತ್ರಿ ಬೆಚ್ಚಿ ಏಳುತ್ತಾರೆ. ನೀವು ಹೊದಿಸಿದ ಶಾಲು ಪೆಟ್ಟಿಗೆಯಲ್ಲಿದೆ. ಆಮೇಲೆ ಯಾರೂ ವಿಚಾರಿಸಲಿಲ್ಲ." ವಿಚಾರಿಸದವರಲ್ಲಿ ನಾನೂ ಒಬ್ಬನಾಗಿದ್ದೆ.

ಅಂದು ಮರಳುವಾಗ ನನ್ನ ಮನಸ್ಸು ನ್ಯೂಯಾರ್ಕ್ ನಗರದ ಕಡೆಗೆ ಹೋಯಿತು. 2001ರ ಸೆಪ್ಟೆಂಬರ್ 11ರಂದು ಅಲ್ಲಿನ ವಿಶ್ವ ವಾಣಿಜ್ಯ ಕೇಂದ್ರದ ಅವಳಿ ಗೋಪುರಗಳು ಉರುಳಿದಾಗ ಅಗ್ನಿಶಾಮಕ ಇಲಾಖೆಯ 343 ಮಂದಿ ಮಡಿದರು. ಇಲಾಖೆಯ ಆಧ್ಯಾತ್ಮಿಕ ಗುರುಗಳಾಗಿದ್ದ ಫ್ರಾನ್ಸಿಸ್ಕನ್ ಸಭೆಯ ಫಾದರ್ ಮೈಕಲ್ ಜಡ್ಜ್ ಅವರಲ್ಲೊಬ್ಬರು. ಪ್ರತಿ ವರ್ಷ ಆ ದಿನ ಬಲಿಪೂಜೆಯಲ್ಲಿ ಅವರನ್ನೆಲ್ಲ ಸ್ಮರಿಸುತ್ತಿದ್ದ ನಾನು, ಬದುಕುಳಿದವರನ್ನು ಒಮ್ಮೆಯೂ ಸ್ಮರಿಸಿರಲಿಲ್ಲ.

ಅವರು 2002ರ ಮೇ ತಿಂಗಳವರೆಗೂ ಅವಶೇಷಗಳ ನಡುವೆ ದುಡಿದರು. ಪುಡಿಯಾದ ಸಿಮೆಂಟು, ಗಾಜಿನ ಎಳೆ, ಕಲ್ನಾರು ಬೆರೆತ ಧೂಳನ್ನು ಉಸಿರಾಡಿದರು. ಇಲಾಖೆಯು ತನ್ನವರ ಶ್ವಾಸಕೋಶಗಳನ್ನು ಮೊದಲಿನಿಂದಲೂ ನಿಯಮಿತವಾಗಿ ಪರೀಕ್ಷಿಸುತ್ತಿದ್ದುದರಿಂದ ವೈದ್ಯರಿಗೆ ಹೋಲಿಕೆ ಸಾಧ್ಯವಾಯಿತು. ವಯೋಸಹಜವಾಗಿ 12 ವರ್ಷಗಳಲ್ಲಿ ಕುಂದುವಷ್ಟು ಶಕ್ತಿಯು ಸರಾಸರಿ ಒಂದೇ ವರ್ಷದಲ್ಲಿ ಕುಂದಿತ್ತು. ಬಿಡದ ಕೆಮ್ಮು, ಉಬ್ಬಸ, ಮಾಸದ ಭಯ, ನಿದ್ರೆಯಿಲ್ಲದ ರಾತ್ರಿಗಳು ಅವರ ಪಾಲಿಗೆ ಬಂದವು. ವರ್ಷಗಳು ಕಳೆದಂತೆ ಕ್ಯಾನ್ಸರೂ ಬಂತು. 2023ರ ಸೆಪ್ಟೆಂಬರ್ ವೇಳೆಗೆ ಈ ಕಾಯಿಲೆಗಳಿಂದ ತೀರಿಕೊಂಡ ಇಲಾಖೆಯವರ ಸಂಖ್ಯೆಯೂ 343ಕ್ಕೆ ಮುಟ್ಟಿತು.

ಇಂಥವರ ಚಿಕಿತ್ಸೆಗೆಂದೇ ರೂಪಿಸಿದ ಕಾಯಿದೆಗೆ ಅಧ್ಯಕ್ಷರ ಅಂಕಿತ ಬಿದ್ದದ್ದು 2011ರ ಜನವರಿಯಲ್ಲಿ, ಒಂಬತ್ತು ವರ್ಷಗಳು ಕಳೆದ ಮೇಲೆ. 2015ರಲ್ಲಿ ಆ ಚಿಕಿತ್ಸಾ ಸೌಲಭ್ಯವನ್ನು 2090ರವರೆಗೆ ವಿಸ್ತರಿಸಲಾಯಿತು. ಅಲ್ಲಿ ದುಡಿದವರ ಬದುಕಿನ ಕೊನೆಯವರೆಗೂ ಆರೈಕೆ ಬೇಕೆಂಬುದನ್ನು ಆ ದೇಶ ತಡವಾಗಿಯಾದರೂ ಒಪ್ಪಿಕೊಂಡಿತು.

ಶುಭಸಂದೇಶದ ದಯಾಳು ಸಮಾರಿಯದವನು ಗಾಯಾಳುವನ್ನು ಛತ್ರಕ್ಕೆ ಸೇರಿಸಿ ತನ್ನ ಕರ್ತವ್ಯ ಮುಗಿಯಿತೆಂದುಕೊಳ್ಳಲಿಲ್ಲ. ಹೆಚ್ಚು ಖರ್ಚಾದರೆ ಮರಳಿ ಬರುವಾಗ ಕೊಡುವೆನೆಂದು ಛತ್ರದವನಿಗೆ ಮಾತುಕೊಟ್ಟನು. ಸನ್ಮಾನ ಮುಗಿಸಿ ಮನೆಗೆ ಹೋಗುವ ನಾವು ಮರೆಯುವುದು ಈ ಮರಳಿ ಬರುವಿಕೆಯನ್ನೇ.

ನಿಮ್ಮ ನೆರೆಹೊರೆಯಲ್ಲಿಯೂ ಬೆಂಕಿಯಿಂದಲೋ ನೆರೆನೀರಿನಿಂದಲೋ ಯಾರನ್ನಾದರೂ ರಕ್ಷಿಸಿದವರು ಇರಬಹುದು. ಅವರ ಸಾಹಸಕಥೆಯನ್ನು ಕೇಳುವ ಮೊದಲು ಅವರ ಉಸಿರಾಟವನ್ನು, ನಿದ್ರೆಯನ್ನು ವಿಚಾರಿಸಿರಿ. ಅಗತ್ಯವಿದ್ದರೆ ವೈದ್ಯರ ಬಳಿಗೆ ಜೊತೆಯಾಗಿ ಹೋಗಿರಿ. ನಾನೀಗ ತಿಂಗಳಿಗೊಮ್ಮೆ ಆ ಮನೆಗೆ ಹೋಗುತ್ತೇನೆ. ಹೆಚ್ಚು ಮಾತಿರುವುದಿಲ್ಲ. ಕಾಫಿ ಕುಡಿಯುತ್ತೇವೆ. ಹೊರಡುವಾಗ ಅವರು ಗೇಟಿನವರೆಗೂ ಬಂದು ಕೇಳುತ್ತಾರೆ, "ಫಾದರ್, ಮತ್ತೆ ಯಾವಾಗ ಬರುತ್ತೀರಿ?"