ಸೀಟು ಬ್ಲಾಕ್ ಮಾಡುವ ಮೊದಲು

ಶಿವಮೊಗ್ಗ, ಜನವರಿ

ಪ್ರೀತಿಯ ಪುಟ್ಟಿಗೆ,

ನಿನ್ನೆ ರಾತ್ರಿ ಭಾವ ಫೋನ್ ಮಾಡಿದ್ದರು. ಬೆಂಗಳೂರಿನ ಯಾವುದೋ ಖಾಸಗಿ ಕಾಲೇಜಿನ ಏಜೆಂಟ್ ಹಗರೆಗೇ ಬಂದು ಹೋದನಂತೆ. ಈ ತಿಂಗಳೊಳಗೆ ಮುಂಗಡ ಕಟ್ಟಿದರೆ ಕಂಪ್ಯೂಟರ್ ಸೈನ್ಸ್ ಸೀಟು ಗ್ಯಾರಂಟಿ, ಫೀಸಿನಲ್ಲೂ ರಿಯಾಯಿತಿ. ಎಸ್ಸೆಸ್ಸೆಲ್ಸಿ ಮೂಲ ಅಂಕಪಟ್ಟಿ ಮಾತ್ರ ಅವರ ಹತ್ತಿರವೇ ಇರಬೇಕಂತೆ. ಶುಂಠಿ ಮಾರಿದ ದುಡ್ಡು ಕೈಯಲ್ಲಿರುವಾಗಲೇ ಮಗಳ ದಾರಿ ಗಟ್ಟಿ ಮಾಡಿಬಿಡೋಣ ಎನ್ನುವುದು ಭಾವನ ಲೆಕ್ಕ. ನೀನು ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ, ಎದ್ದು ಒಳಗೆ ಹೋದೆಯಂತೆ. ಅದಕ್ಕೇ ಈ ಪತ್ರ ನಿನ್ನ ಹೆಸರಿಗೆ. ಓದಿ ಅಪ್ಪನಿಗೂ ಕೊಡು.

ನನ್ನ ಅಭಿಪ್ರಾಯ ಇಷ್ಟೇ: ಈಗ ಕಟ್ಟಬೇಡಿ.

ಅಪ್ಪನ ಭಯ ಸುಳ್ಳಲ್ಲ ಕಣೇ. ರ‍್ಯಾಂಕ್ ಬರುವ ಹೊತ್ತಿಗೆ ಮ್ಯಾನೇಜ್‌ಮೆಂಟ್ ಸೀಟಿನ ದರ ಏರಿರಬಹುದು. ಈಗಿರುವ ದುಡ್ಡು ಅಷ್ಟರಲ್ಲಿ ಬಿತ್ತನೆ ಆಲೂಗಡ್ಡೆಗೂ ಗೊಬ್ಬರಕ್ಕೂ ಹೋಗಿರುತ್ತದೆ. ಆದರೆ ಆ ಏಜೆಂಟ್ ಮಾರುತ್ತಿರುವುದು ಈ ಭಯವನ್ನೇ. ನೀನು ಇನ್ನೂ ಪಿಯು ಪರೀಕ್ಷೆ ಬರೆದಿಲ್ಲ, ಸಿಇಟಿ ಬರೆದಿಲ್ಲ. ನಿನ್ನ ಬೆಲೆ ಏನೆಂದು ನಿನಗೇ ಗೊತ್ತಾಗುವ ಮೊದಲು ಅವರು ಕಟ್ಟಿಹಾಕಲು ನೋಡುತ್ತಿದ್ದಾರೆ.

ಅಮೆರಿಕದಲ್ಲೂ ಇಂಥದೊಂದಿದೆ, ‘ಅರ್ಲಿ ಡಿಸಿಷನ್’ ಎನ್ನುತ್ತಾರೆ. ನವೆಂಬರ್ ಹೊತ್ತಿಗೆ ಒಂದೇ ಕಾಲೇಜಿಗೆ ಹಾಗೆ ಅರ್ಜಿ ಹಾಕಿ, ಸೀಟು ಕೊಟ್ಟರೆ ಬಂದೇ ಬರುತ್ತೇನೆಂದು ಒಪ್ಪಂದಕ್ಕೆ ಸಹಿ ಹಾಕಬೇಕು. ಡಿಸೆಂಬರ್ ನಡುವೆ ಉತ್ತರ. ಬೇರೆ ಕಾಲೇಜು ಎಷ್ಟು ನೆರವು ಕೊಡುತ್ತಿತ್ತೆಂದು ತೂಗಿ ನೋಡುವ ಅವಕಾಶ ಅಲ್ಲಿಗೆ ಮುಗಿಯಿತು. ಉಳ್ಳವರ ಮಕ್ಕಳಿಗೇ ಇದು ಅನುಕೂಲ ಎಂಬ ದೂರು ಹಳೆಯದು. ಆದರೂ ಕಾಲೇಜು ಕೊಡುವ ನೆರವು ಸಾಲದಿದ್ದರೆ ಬಿಟ್ಟು ಹೊರಡುವ ದಾರಿ ಅಲ್ಲಿದೆ. ಇಲ್ಲಿ ಅಂಕಪಟ್ಟಿಯೇ ಒತ್ತೆ. ಸಿಇಟಿ ನಡೆಸುವ ಕೆಇಎಯ ದಾಖಲೆ ಪರಿಶೀಲನೆಗೆ ಮೂಲ ಪತ್ರ ತೋರಿಸಬೇಕಾದಾಗ ಯಾರ ಬಾಗಿಲು ಬಡಿಯುತ್ತೀಯ? ಮೂಲ ಪ್ರಮಾಣಪತ್ರಗಳನ್ನು ಸಂಸ್ಥೆಗಳು ಇಟ್ಟುಕೊಳ್ಳುವಂತಿಲ್ಲ, ಪ್ರವೇಶದ ಕೊನೆಯ ದಿನಕ್ಕೆ 15 ದಿನ ಮೊದಲೇ ಹಿಂದೆ ಸರಿದರೆ ಹೆಚ್ಚೆಂದರೆ 5,000 ರೂಪಾಯಿ ಹಿಡಿದುಕೊಂಡು ಉಳಿದ ಶುಲ್ಕ ಮರಳಿಸಬೇಕು ಎಂದು ಯುಜಿಸಿ 2018ರಲ್ಲೇ ಹೇಳಿದೆ. ನಿಯಮವೇನೋ ನಮ್ಮ ಕಡೆಗಿದೆ. ಅದನ್ನು ಹಿಡಿದುಕೊಂಡು ಬೆಂಗಳೂರಿಗೆ ಅಲೆಯಬೇಕಾದವರೂ ನಾವೇ.

ನಿನ್ನ ಹತ್ತಿರ ಏನಿದೆ ನೋಡು. ಒಂದರಿಂದ ಹತ್ತರವರೆಗೆ ಹಳ್ಳಿಯಲ್ಲಿ ಓದಿದವರಿಗೆ ಸಿಇಟಿ ಸೀಟುಗಳಲ್ಲಿ ಶೇ 15 ಮೀಸಲು, ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಶೇ 5. ನಿನಗೆ ಎರಡೂ ಸಲ್ಲುತ್ತವೆ. ಮ್ಯಾನೇಜ್‌ಮೆಂಟ್ ಸೀಟಿನಲ್ಲಿ ಇವಕ್ಕೆ ಕವಡೆ ಕಿಮ್ಮತ್ತಿಲ್ಲ. ಎಂಜಿನಿಯರಿಂಗ್ ರ‍್ಯಾಂಕಿಗೆ ಪಿಯು ಅಂಕ ಅರ್ಧ, ಸಿಇಟಿ ಅಂಕ ಅರ್ಧ. ಹಾಗಾಗಿ ಮಾರ್ಚ್‌ನಲ್ಲಿ ನೀನು ಬರೆಯುವ ಗಣಿತದ ಒಂದೊಂದು ಲೆಕ್ಕವೂ ಅಪ್ಪನ ದುಡ್ಡು ಉಳಿಸೀತು.

ಇನ್ನೊಂದು ಮಾತು. ದೀಪಾವಳಿಗೆ ಬಂದಾಗ ಹಿತ್ತಲಲ್ಲಿ ಕೂತು ನನ್ನೊಬ್ಬನಿಗೇ ಹೇಳಿದೆಯಲ್ಲ, ಬಿಎಸ್ಸಿ ಅಗ್ರಿ ಓದಬೇಕು ಅಂತ? ಅದನ್ನು ಅಪ್ಪನಿಗೆ ಹೇಳಿದ್ದೀಯಾ? ಹಾಸನದ ಕಾರೆಕೆರೆಯಲ್ಲೇ ಕೃಷಿ ಕಾಲೇಜು ಇದೆ. ರೈತರ ಮಕ್ಕಳಿಗೆ ಬೇರೆ ಕೋಟಾ ಇದೆ, ಅದಕ್ಕೆ ಪ್ರಾಯೋಗಿಕ ಪರೀಕ್ಷೆ ಬರೆಯಬೇಕು. ಎಂಜಿನಿಯರಿಂಗೇ ಆಗಲಿ ಎಂದಾದರೂ ಹಾಸನದಲ್ಲಿ ಸರ್ಕಾರಿ ಕಾಲೇಜಿದೆ, 1960ರಿಂದ ನಡೆಯುತ್ತಿರುವ ಮಲೆನಾಡು ಎಂಜಿನಿಯರಿಂಗ್ ಕಾಲೇಜಿದೆ. ಜನವರಿಯಲ್ಲಿ ಕಂಪ್ಯೂಟರ್ ಸೈನ್ಸಿಗೆ ದುಡ್ಡು ಕಟ್ಟಿಬಿಟ್ಟರೆ ಜೂನ್‌ನಲ್ಲಿ ಅಗ್ರಿಯ ಹೆಸರೆತ್ತುವ ಧೈರ್ಯ ನಿನಗಿರುವುದಿಲ್ಲ. ನನಗೆ ನಿನ್ನ ಸ್ವಭಾವ ಗೊತ್ತು.

ರ‍್ಯಾಂಕ್ ಬಂದ ಮೇಲೆ ಆಪ್ಷನ್ ಎಂಟ್ರಿ, ಅಂದರೆ ಬೇಕಾದ ಕಾಲೇಜು, ಕೋರ್ಸುಗಳನ್ನು ಇಷ್ಟದ ಕ್ರಮದಲ್ಲಿ ಬರೆಯುವುದು. ನಾನು ಪಾಠ ಮಾಡುವ ಪಿಯು ಕಾಲೇಜಿನ ಮಕ್ಕಳು ಪ್ರತಿ ವರ್ಷ ಎಡವುವುದು ಇಲ್ಲಿ. ‘ಸಿಗೋದಿಲ್ಲ ಸಾರ್’ ಎಂದು ಆಸೆಯ ಕಾಲೇಜನ್ನು ಕೆಳಗೆ ಹಾಕಿ, ಸಿಕ್ಕೇ ಸಿಗುವುದನ್ನು ಮೇಲೆ ಬರೆಯುತ್ತಾರೆ. ಹಾಗೆ ಮಾಡಬೇಡ. ಯಂತ್ರ ನಿನ್ನ ಪಟ್ಟಿಯನ್ನು ಮೇಲಿನಿಂದ ನೋಡುತ್ತಾ ಬಂದು, ನಿನ್ನ ರ‍್ಯಾಂಕಿಗೆ ಸಿಗುವ ಮೊದಲನೆಯದನ್ನು ಕೊಡುತ್ತದೆ. ಸಿಗದ್ದನ್ನು ಮೇಲೆ ಬರೆದದ್ದರಿಂದ ಕೆಳಗಿನದು ಕೈತಪ್ಪುವುದಿಲ್ಲ. ಅಣಕು ಹಂಚಿಕೆ ಎಂದು ಒಂದು ತಾಲೀಮನ್ನೂ ತೋರಿಸುತ್ತಾರೆ. ಅದನ್ನು ನೋಡಿ ಪಟ್ಟಿ ತಿದ್ದಬಹುದು.

ಮಾತು ಕೊಡುವ ಗಳಿಗೆ ಅಲ್ಲೂ ಬರುತ್ತದೆ. ಸೀಟು ಹಂಚಿದ ಮೇಲೆ ಚಾಯ್ಸ್ 1 ಒತ್ತಿದರೆ ಆ ಸೀಟೇ ನಿನ್ನದು, ಮುಂದಿನ ಸುತ್ತಿಲ್ಲ. ಚಾಯ್ಸ್ 2 ಅಂದರೆ ಇದು ಇರಲಿ, ಮೇಲಿನದಕ್ಕೂ ನೋಡುತ್ತೇನೆ ಎಂದು. ಮೇಲಿನದು ಸಿಕ್ಕರೆ ಹಳೆಯದು ತಾನಾಗಿ ಹೋಗುತ್ತದೆ. 3 ಅಂದರೆ ಇದು ಬೇಡ, ಮುಂದಿನ ಸುತ್ತಿಗೆ ಬರುತ್ತೇನೆ; 4 ಅಂದರೆ ಪೂರ್ತಿ ಹೊರಗೆ. ಶುಲ್ಕದ ನಿಯಮ ಬದಲಾಗುತ್ತಿರುತ್ತದೆ, ಆ ವರ್ಷದ ಸೂಚನೆಯನ್ನೇ ಓದು. ಬೇಕಾದ ಸೀಟು ಸಿಕ್ಕ ದಿನ ಚಾಯ್ಸ್ 1 ಒತ್ತಲು ಹಿಂದೆಮುಂದೆ ನೋಡಬೇಡ. ಕಟ್ಟುಬೀಳುವುದು ತಪ್ಪೆಂದು ನಾನು ಹೇಳುತ್ತಿಲ್ಲ. ಕಣ್ಣು ಬಿಟ್ಟುಕೊಂಡು ಬೀಳು.

ರ‍್ಯಾಂಕ್ ತೀರಾ ಕೆಟ್ಟರೆ? ಆಗ ನಾನೂ ಭಾವನೂ ಕೂತು ದುಡ್ಡಿನ ಮಾತಾಡುತ್ತೇವೆ. ಅದು ನಿನ್ನ ತಲೆನೋವಲ್ಲ.

ಈ ವಾರ ನಾಡಕಚೇರಿಯಲ್ಲಿ ಜಾತಿ, ಆದಾಯ ಪತ್ರಕ್ಕೆ ಅರ್ಜಿ ಹಾಕಿಸು. ಶಾಲೆಯಿಂದ ಗ್ರಾಮೀಣ, ಕನ್ನಡ ಮಾಧ್ಯಮದ ಪತ್ರ ತೆಗೆದುಕೊಂಡು ಬೇಲೂರಿನ ಬಿಇಒ ಕಚೇರಿಯಲ್ಲಿ ಮೇಲುರುಜು ಮಾಡಿಸು. ಅಗ್ರಿ ವಿಷಯ ಅಪ್ಪನಿಗೆ ನೀನೇ ಹೇಳು. ಅಮ್ಮನನ್ನು ಪಕ್ಕದಲ್ಲಿ ಕೂರಿಸಿಕೋ. ಏಜೆಂಟ್ ಮತ್ತೆ ಬಂದರೆ ನನ್ನ ನಂಬರ್ ಕೊಡಿ, ನಾನು ಮಾತಾಡುತ್ತೇನೆ.

ಇಂತಿ ನಿನ್ನ
ಮಾವ