ಚಿಲಕ ಮತ್ತು ಚಾಡಿ

ಮೂಡಲಗಿ ತಾಲೂಕಿನ ಆ ಸರ್ಕಾರಿ ಶಾಲೆಗೆ ನಾನು ಹೋಗಿದ್ದು ಹಾಡು ಹುಡುಕಿಕೊಂಡು. ಮಕ್ಕಳು ಆಟದಲ್ಲಿ ಹೇಳುವ ಪ್ರಾಸಗಳ ಮೇಲೆ ನನ್ನ ಪಿಎಚ್‌ಡಿ. ಗೋಕಾಕ, ಮೂಡಲಗಿ, ಹುಕ್ಕೇರಿ ಈ ಮೂರು ತಾಲೂಕುಗಳ ಶಾಲೆಗಳಲ್ಲಿ ಎರಡು ವರ್ಷದಿಂದ ತಿರುಗುತ್ತಿದ್ದೇನೆ. ಅವತ್ತು ಬಿಸಿಯೂಟ ಮುಗಿಸಿ ಆರನೇ ತರಗತಿಯ ಹುಡುಗಿಯರು ಬೇವಿನ ಗಿಡದ ಕೆಳಗೆ ಆಡಲು ನಿಂತರು. ಖಾರದ ಸಾಂಬಾರು ಉಂಡಿದ್ದರೂ ಒಬ್ಬಳೂ ನಳದ ಕಡೆ ಹೋಗಲಿಲ್ಲ.

"ನಾವು ಸಂಜೀಮಟಾ ನೀರ ಕುಡಿಯಂಗಿಲ್ರೀ ಅಕ್ಕಾರ" ಎಂದಳು ಒಬ್ಬಳು. ಯಾಕೆ ಅಂದರೆ, ಶೌಚಾಲಯದ ಬಾಗಿಲಿಗೆ ಚಿಲಕವಿಲ್ಲ. ಒಬ್ಬಾಕಿ ಒಳಗೆ ಹೋದರೆ ಇನ್ನೊಬ್ಬಾಕಿ ಹೊರಗೆ ಬಾಗಿಲು ಹಿಡಿದು ನಿಲ್ಲಬೇಕು. ಗಂಡುಹುಡುಗರು ಆ ಕಡೆ ಬಂದರೆ ಹಿಡಿದವಳು ನಾಚಿ ಓಡುತ್ತಾಳೆ. ಅದಕ್ಕಿಂತ ಬಾಯಾರಿಕೆ ವಾಸಿ.

ಹೆಡ್‌ಮಾಸ್ತರ ಒಳ್ಳೆಯ ಮನುಷ್ಯರು. ಹೇಳಿದ ಕೂಡಲೇ ಮುಖ ಸಣ್ಣ ಮಾಡಿಕೊಂಡರು. "ನನಗ ಯಾರೂ ಹೇಳೇ ಇಲ್ಲಲ್ರೀ ಮೇಡಮ್" ಎಂದು ಆಗಲೇ ಒಬ್ಬರನ್ನು ಅಂಗಡಿಗೆ ಅಟ್ಟಿದರು. ಅವರ ಕೋಣೆಯ ಬಾಗಿಲ ಪಕ್ಕದಲ್ಲೇ ಹಸಿರು ಬಣ್ಣದ ಸಲಹಾ ಪೆಟ್ಟಿಗೆ ಇತ್ತು. ಬೀಗಕ್ಕೆ ತುಕ್ಕು ಹಿಡಿದಿತ್ತು. ಅದರಲ್ಲಿ ಚೀಟಿ ಯಾಕೆ ಹಾಕಲಿಲ್ಲ ಎಂದು ಹುಡುಗಿಯರನ್ನು ಕೇಳಿದೆ. ಎರಡು ಉತ್ತರ ಬಂದವು. ಒಂದು, "ಅಕ್ಷರ ನೋಡಿ ಗುರ್ತ ಹಿಡೀತಾರ್ರೀ." ಇನ್ನೊಂದು, "ಚಾಡಿ ಹೇಳಿದಂಗ ಆಕ್ಕೈತ್ರೀ."

ಚಾಡಿ. ಭಾಷೆಯ ವಿದ್ಯಾರ್ಥಿಯಾಗಿ ಈ ಪದದ ಮೇಲೆ ನನಗೆ ಸಿಟ್ಟಿದೆ. ಪಕ್ಕದವನು ನನ್ನ ಪೆನ್ಸಿಲ್ ಕದ್ದ ಎನ್ನುವುದೂ ಚಾಡಿ, ಪಕ್ಕದವನು ಸಾಯಬಹುದು ಎನ್ನುವುದೂ ಚಾಡಿ. ಶಾಲೆಯೊಳಗೆ ಎರಡಕ್ಕೂ ಒಂದೇ ಮಾತು, ಒಂದೇ ಗದರಿಕೆ.

ನಾನು ಓದಿದ್ದು ಗೋಕಾಕ ತಾಲೂಕಿನ ಒಂದು ಹಳ್ಳಿಯಲ್ಲಿ. ಕಬ್ಬು ನುರಿಸುವ ಹಂಗಾಮು ಶುರುವಾದರೆ ಶಾಲೆಯ ಮುಂದಿನ ರಸ್ತೆಯಲ್ಲಿ ಟ್ರ್ಯಾಕ್ಟರುಗಳ ಸಾಲು. ಒಂದೊಂದಕ್ಕೆ ಎರಡೆರಡು ಟ್ರೇಲರು, ಮೇಲೆ ಜೋರಾಗಿ ಹಾಡು. ಹುಡುಗರು ಹಿಂದೆ ಓಡಿ ಕಬ್ಬು ಜಗ್ಗುತ್ತಿದ್ದರು. ಹಾಡಿನ ಅಬ್ಬರಕ್ಕೆ ಚಾಲಕನಿಗೆ ಕೂಗು ಕೇಳುತ್ತಿರಲಿಲ್ಲ. ಏಳನೇ ತರಗತಿಯಲ್ಲಿದ್ದಾಗ ಒಂದು ದಿನ ನನ್ನ ಗೆಳೆಯ ಎರಡು ಟ್ರೇಲರುಗಳ ನಡುವಿನ ಕೊಂಡಿಯ ಮೇಲೆ ಕಾಲಿಟ್ಟು ಹತ್ತಿದ್ದನ್ನು ನೋಡಿ ಹೆದರಿ ಗುರುಗಳಿಗೆ ಹೇಳಿದೆ. "ಚಾಡಿ ಹೇಳೂದು ಬಿಟ್ಟು ಮಗ್ಗಿ ಹೇಳು" ಎಂದರು. ತರಗತಿ ನಕ್ಕಿತು. ಚಾಡಿಬುರಕಿ ಎಂಬ ಹೆಸರು ಆ ವರ್ಷವಿಡೀ ಅಂಟಿಕೊಂಡಿತು. ಸಂಕ್ರಾಂತಿಯ ಆಸುಪಾಸಿನಲ್ಲಿ ಅವನ ಎಡಪಾದದ ಮೇಲೆ ಗಾಲಿ ಹೋಯಿತು. ಅವನು ಹತ್ತುವುದನ್ನು ಅವತ್ತೂ ನೋಡಿದ್ದೆ. ಬಾಯಿ ಬಿಡಲಿಲ್ಲ.

ಈಗ ಅವನದು ಗೋಕಾಕದಲ್ಲಿ ಮೊಬೈಲ್ ರಿಪೇರಿ ಅಂಗಡಿ. ಹೋದಾಗಲೆಲ್ಲ ಚಹಾ ತರಿಸುತ್ತಾನೆ. ಕಾಲಿನ ವಿಷಯ ಇಬ್ಬರೂ ಎತ್ತುವುದಿಲ್ಲ.

ಸುರಕ್ಷತೆ ಎಂದರೆ ನಮಗೆ ಮೊದಲು ನೆನಪಾಗುವುದು ಬೀಗ, ಬೇಲಿ, ಕ್ಯಾಮೆರಾ. ಅವು ಬೇಡ ಎನ್ನುವಷ್ಟು ದಡ್ಡಿ ನಾನಲ್ಲ. 2004ರಲ್ಲಿ ತಮಿಳುನಾಡಿನ ಕುಂಭಕೋಣಂ ಶಾಲೆಯ ಬೆಂಕಿಯಲ್ಲಿ 90ಕ್ಕೂ ಹೆಚ್ಚು ಮಕ್ಕಳು ಸತ್ತರು. ಅಡುಗೆಮನೆಯ ಕಿಡಿ, ಮೇಲೆ ಗರಿಯ ಚಾವಣಿ. ಆ ದುರಂತದ ಹಿನ್ನೆಲೆಯಲ್ಲಿ ಬಂದ ಅರ್ಜಿಯ ಮೇಲೆಯೇ ಸುಪ್ರೀಂ ಕೋರ್ಟು 2009ರಲ್ಲಿ, ಶಿಕ್ಷಣದ ಹಕ್ಕಿನೊಳಗೆ ಸುರಕ್ಷಿತ ಶಾಲೆಯ ಹಕ್ಕೂ ಸೇರಿದೆ ಎಂದಿತು. ಚಾವಣಿ ಚಾವಣಿಯೇ, ಅದಕ್ಕೆ ದುಡ್ಡು ಬೇಕು. ಆದರೆ ನಮ್ಮದೇ ಜಿಲ್ಲೆಯ ಸವದತ್ತಿ ತಾಲೂಕಿನ ಹೂಲಿಕಟ್ಟಿಯಲ್ಲಿ 2025ರ ಜುಲೈನಲ್ಲಿ ನಡೆದದ್ದನ್ನು ಯಾವ ಬೀಗ ತಡೆಯುತ್ತಿತ್ತು? ಮುಸ್ಲಿಂ ಮುಖ್ಯ ಶಿಕ್ಷಕರನ್ನು ವರ್ಗ ಮಾಡಿಸಬೇಕೆಂದು ಶಾಲೆಯ ನೀರಿನ ಟ್ಯಾಂಕಿಗೆ ವಿಷ ಬೆರೆಸಿದರು, ಅದನ್ನೂ ಒಬ್ಬ ವಿದ್ಯಾರ್ಥಿಯ ಕೈಯಿಂದಲೇ ಹಾಕಿಸಿದರು ಎಂದರು ಪೊಲೀಸರು. ಮಕ್ಕಳು ಅಸ್ವಸ್ಥರಾದರು, ಪುಣ್ಯಕ್ಕೆ ಜೀವ ಹೋಗಲಿಲ್ಲ. ಸುದ್ದಿ ಓದಿದ ದಿನದಿಂದ ನನ್ನ ತಲೆಯಲ್ಲಿ ಉಳಿದಿರುವುದು ಬಾಟಲಿ ಹಿಡಿದ ಆ ಹುಡುಗ. ಹಾಕುವ ಮೊದಲು ಯಾರ ಹತ್ತಿರವಾದರೂ ಓಡಿಹೋಗಿ ಹೇಳಬಹುದು ಎಂದು ಅವನಿಗೆ ಅನ್ನಿಸಿತ್ತೋ ಇಲ್ಲವೋ.

ಹೇಳಿದರೆ ಏನಾಗುತ್ತದೆ ಎನ್ನುವುದಕ್ಕೆ ಗೋಕಾಕದ ಹೊಳೆದಂಡೆಯ ಒಂದು ಶಾಲೆಯಲ್ಲಿ ಸಾಕ್ಷಿ ಸಿಕ್ಕಿತು. 2019ರ ಆಗಸ್ಟಿನಲ್ಲಿ ಹಿಡಕಲ್ ಜಲಾಶಯದಿಂದ ಬಿಟ್ಟ ನೀರಿಗೆ ಹಿರಣ್ಯಕೇಶಿ, ಮಾರ್ಕಂಡೇಯಗಳ ನೀರೂ ಕೂಡಿ ಘಟಪ್ರಭೆ ಊರೊಳಗೆ ಬಂದಿತ್ತು. ನೀರು ನಿಂತ ಗೋಡೆಗೆ ಮುಂದೆ ಸುಣ್ಣ ಬಳಿದರು, ಹೊಸದರಂತೆ ಕಂಡಿತು. ಆ ಗೋಡೆಗೆ ಚೆಂಡು ಹೊಡೆದು ಆಡುತ್ತಿದ್ದ ಹುಡುಗನೊಬ್ಬ, "ಇಲ್ಲಿ ಹೊಡದ್ರ ಪೊಳ್ಳು ಸಪ್ಪಳ ಬರ್ತೈತ್ರೀ ಟೀಚರ್" ಎಂದನಂತೆ. ಟೀಚರ್ ನಗಲಿಲ್ಲ. ತಾವೂ ಬೆರಳ ಗೆಣ್ಣಿನಿಂದ ತಟ್ಟಿ ನೋಡಿದರು, ಆ ಬದಿಯ ಮಕ್ಕಳನ್ನೆಲ್ಲ ಈಚೆ ಕೂರಿಸಿದರು, ಬಿಇಒ ಕಚೇರಿಗೆ ಬರೆದರು. ರಿಪೇರಿ ತಡವಾಗಿಯೇ ಆಯಿತು. ಅಷ್ಟರಲ್ಲಿ ಒಂದು ರಾತ್ರಿ ಗಿಲಾವು ದೊಡ್ಡ ಹಲಗೆಯಂತೆ ಕಳಚಿ ಬಿದ್ದಿತ್ತು. ಅದರ ಕೆಳಗೆ ಬೆಂಚುಗಳಿರಲಿಲ್ಲ.

ಹುಕ್ಕೇರಿ ತಾಲೂಕಿನ ಒಂದು ಶಾಲೆಯಲ್ಲಿ ಇದನ್ನೇ ವಾರದ ಕೆಲಸ ಮಾಡಿಕೊಂಡಿದ್ದಾರೆ. ಶನಿವಾರ ಬೆಳಗಿನ ಶಾಲೆ ಬಿಡುವ ಮೊದಲು ಮೂವರು ಮಕ್ಕಳ ಕೈಗೆ ಖಡು ಕೊಡುತ್ತಾರೆ, ಸೀಮೆಸುಣ್ಣಕ್ಕೆ ನಮ್ಮ ಕಡೆ ಹಾಗೇ ಅನ್ನುವುದು. ಶಾಲೆಯಲ್ಲಿ ಎಲ್ಲಿ ಹೆದರಿಕೆಯಾಗುತ್ತದೋ ಅಲ್ಲಿ ದುಂಡಗೆ ಗೆರೆ ಹಾಕಬೇಕು. ಯಾಕೆ ಎಂದು ಯಾರೂ ಕೇಳುವಂತಿಲ್ಲ. ನಾನು ಹೋದಾಗ ತೆರೆದ ಸ್ವಿಚ್‌ಬೋರ್ಡಿಗೆ, ಬಿಸಿ ಪಾತ್ರೆ ಇಡುವ ಕಟ್ಟೆಗೆ, ಗೇಟಿನ ಕಿತ್ತ ತಗಡಿಗೆ ಗೆರೆಯಿತ್ತು. ಕಟ್ಟೆಯ ಮುಂದೆ ಆಗಲೇ ಹಗ್ಗ ಕಟ್ಟಿದ್ದರು. ತಗಡಿನ ಸುತ್ತ ಮಾತ್ರ ಗೆರೆ ಮೂರು ವಾರದಿಂದ ದಪ್ಪವಾಗುತ್ತಲೇ ಇತ್ತು.

ಐದನೇ ತರಗತಿಯ ಗೋಡೆಯಲ್ಲಿ, ಕರ್ನಾಟಕದ ನಕಾಶೆಯ ಪಕ್ಕ, ಒಂದು ಮೊಳೆಗೂ ಗೆರೆ ಹಾಕಿದ್ದರು. ಮೊಳೆಯಲ್ಲಿ ಏನೂ ಇರಲಿಲ್ಲ. ಇದೇನು ಸರ್ ಎಂದು ಕೇಳಿದೆ. ಮಾಸ್ತರರು ಸ್ವಲ್ಪ ಹೊತ್ತು ಸುಮ್ಮನಿದ್ದರು.

"ನನ್ನ ಬಡಿಗಿ ಅಲ್ಲೇ ತೂಗ ಹಾಕ್ತಿದ್ದೆ ರೀ. ನಕಾಶಿ ತೋರ್ಸಾಕ ಅಂತ ಇಟಗೊಂಡಿದ್ದೆ. ಬಡಿಗಿ ತಗದು ತಿಂಗಳಾತು. ಇವ್ರು ಇನ್ನೂ ಗೆರಿ ಹಾಕೂದು ಬಿಟ್ಟಿಲ್ಲ."