ಗ್ವಾಟೆಮಾಲಾದಲ್ಲಿ ಒಂಬತ್ತು ದಿನ



ಅಮೆರಿಕದ ಕ್ರೈಸ್ತ ಸಭೆಗಳಲ್ಲಿ ಬೇಸಿಗೆ ಬಂತೆಂದರೆ ‘ಮಿಷನ್ ಟ್ರಿಪ್’ ಎಂಬ ಮಾತು ಎಲ್ಲರ ಬಾಯಲ್ಲೂ ಕೇಳಿಬರುತ್ತದೆ. ಹತ್ತು ಹದಿನೈದು ಜನರ ತಂಡವೊಂದು ಒಂದೆರಡು ವಾರದ ಮಟ್ಟಿಗೆ ಬಡ ದೇಶವೊಂದಕ್ಕೆ ಹೋಗಿ, ಮನೆ ಕಟ್ಟಿಕೊಟ್ಟು, ಮಕ್ಕಳಿಗೆ ಬೈಬಲ್ ಕಥೆಗಳನ್ನು ಹೇಳಿ ಹಿಂದಿರುಗುವ ಪದ್ಧತಿ ಇದು. 2014ರ ಜೂನ್ ತಿಂಗಳಿನಲ್ಲಿ ನಾನು ಮಗಳ ಮನೆಯಲ್ಲಿದ್ದಾಗ ಅವರ ಸಭೆಯ ಹದಿನಾರು ಮಂದಿ ಗ್ವಾಟೆಮಾಲಾಕ್ಕೆ ಹೊರಟರು. ಮಕ್ಕಳೊಡನೆ ಬದುಕು ಕಳೆದ ಶಿಕ್ಷಕಿ ಎಂಬ ಕಾರಣಕ್ಕೆ ನನ್ನನ್ನೂ ಕರೆದರು. ನಿಮ್ಮಲ್ಲಿ ಇಬ್ಬರು ಮೂವರು ತಮ್ಮ ಸಭೆಯ ಯುವಕರನ್ನು ಹೀಗೆಯೇ ಹೊರದೇಶಕ್ಕೆ ಕಳುಹಿಸುವ ವಿಚಾರವಾಗಿ ನನ್ನ ಅಭಿಪ್ರಾಯ ಕೇಳಿದ್ದೀರಿ. ನಾನು ಕಂಡದ್ದನ್ನು ಬರೆಯುತ್ತೇನೆ, ನಿರ್ಧಾರ ನಿಮ್ಮದು.

ನಾವು ಹೋದದ್ದು ಸೊಲೊಲಾ ಪಟ್ಟಣದ ಆಚೆಗಿನ ಒಂದು ಹಳ್ಳಿಗೆ. ಸಮುದ್ರಮಟ್ಟದಿಂದ ಎರಡು ಸಾವಿರ ಮೀಟರಿಗೂ ಎತ್ತರದ ಪ್ರದೇಶ. ಕೆಳಗೆ ಅತಿತ್ಲಾನ್ ಸರೋವರ, ಅದರ ಸುತ್ತ ಅಗ್ನಿಪರ್ವತಗಳು. ಅಲ್ಲಿಯ ಜನರು ಮಾಯಾ ಜನಾಂಗದವರು, ಮಾತು ಕಾಕ್ಚಿಕೆಲ್. ಆ ಸಣ್ಣ ದೇಶದಲ್ಲಿ ಇಪ್ಪತ್ತಕ್ಕೂ ಹೆಚ್ಚು ಮಾಯಾ ಭಾಷೆಗಳಿವೆಯಂತೆ. ರಸ್ತೆಯ ಮೇಲೆ ಓಡಾಡುತ್ತಿದ್ದ ಬಜಾಜ್ ಆಟೋಗಳನ್ನು ಕಂಡು ಹುಬ್ಬಳ್ಳಿಗೇ ಬಂದಿಳಿದೆನೋ ಎನಿಸಿತು!

ಬೆಳಿಗ್ಗೆ ನಮ್ಮ ಕೆಲಸ ಒಲೆ ಕಟ್ಟುವುದು. ಅಲ್ಲಿಯ ಬಡವರ ಮನೆಗಳಲ್ಲಿ ನೆಲದ ಮೇಲೆ ಮೂರು ಕಲ್ಲಿಟ್ಟು ಬೆಂಕಿ ಹೊತ್ತಿಸಿ ಅಡುಗೆ ಮಾಡುತ್ತಾರೆ. ಹೊಗೆ ಹೋಗಲು ದಾರಿಯಿಲ್ಲ. ಜಂತಿಗಳೆಲ್ಲ ಕಪ್ಪು, ಬೆನ್ನಿಗೆ ಕಟ್ಟಿಕೊಂಡ ಕೂಸೂ ಆ ಹೊಗೆಯನ್ನೇ ಕುಡಿಯಬೇಕು. ನಾವು ಸಿಮೆಂಟ್ ಇಟ್ಟಿಗೆಯ ಕಟ್ಟೆ ಕಟ್ಟಿ, ಮೇಲೆ ಕಬ್ಬಿಣದ ಹಲಗೆ ಕೂರಿಸಿ, ಸೂರಿನಾಚೆಗೆ ಹೊಗೆಕೊಳವೆ ಬಿಡಬೇಕಾಗಿತ್ತು. ನಾವಿದ್ದ ಮನೆಯೊಡತಿ ಸುಣ್ಣದ ನೀರಿನಲ್ಲಿ ಬೇಯಿಸಿದ ಮೆಕ್ಕೆಜೋಳದ ಹಿಟ್ಟನ್ನು ನಾದಿ ಟಪಟಪನೆ ರೊಟ್ಟಿ ತಟ್ಟುತ್ತಿದ್ದಳು. ನಮ್ಮ ಹಾಗೆ ಕೆಳಗಿಟ್ಟು ಬಡಿಯುವುದಿಲ್ಲ, ಎರಡು ಅಂಗೈಗಳ ನಡುವೆಯೇ ತಟ್ಟುತ್ತಾರೆ. ನಲವತ್ತು ವರ್ಷ ಜೋಳದ ರೊಟ್ಟಿ ಬಡಿದ ಬೆಟಗೇರಿಯ ಕೈ ನನ್ನದು. ಆದರೂ ನನ್ನ ರೊಟ್ಟಿ ಹರಿದುಹೋಯಿತು. ಆಕೆ ಹೊಟ್ಟೆ ಹಿಡಿದುಕೊಂಡು ನಕ್ಕಳು.

ಒಲೆಯ ವಿಷಯಕ್ಕೆ ಬರೋಣ. ಊರಿನ ಇಬ್ಬರು ಗೌಂಡಿಗಳು ನಮ್ಮ ಜೊತೆಗಿದ್ದರು. ನಮ್ಮ ಹುಡುಗರು ಓರೆಯಾಗಿ ಇಟ್ಟ ಇಟ್ಟಿಗೆಗಳನ್ನು ಅವರು ಬೇಸರವಿಲ್ಲದೆ ಕಿತ್ತು ಮತ್ತೆ ಇಡುತ್ತಿದ್ದರು. ಹೀಗೆ ಒಂದು ಒಲೆಗೆ ಒಂದೂವರೆ ದಿನ ಹಿಡಿಯಿತು. ಮೂರನೆಯ ದಿನ ಹದಿನೈದರ ಮೊಮ್ಮಗ ನನ್ನ ಪಕ್ಕದಲ್ಲಿ ಕುಳಿತು, “ಅಜ್ಜಿ, ನಾವು ಇರದಿದ್ದರೆ ಇವರಿಬ್ಬರೇ ದಿನಕ್ಕೆ ಎರಡು ಒಲೆ ಮುಗಿಸುತ್ತಿದ್ದರಲ್ಲವೇ?” ಎಂದು ಕೇಳಿದ. ನಾನು ಹೌದೆಂದೆ. ಅವನು ಎದ್ದು ಹೋಗಿ ಆ ಹೊತ್ತಿನಿಂದ ಗಾರೆ ಕಲಸಿಕೊಡುವ ಕೆಲಸವನ್ನಷ್ಟೇ ಮಾಡಿದ.

ಇದು ಅವನೊಬ್ಬನ ಶಂಕೆಯಲ್ಲ. 1998ರ ‘ಮಿಚ್’ ಚಂಡಮಾರುತದ ನಂತರ ನೆರೆಯ ಹೊಂಡುರಾಸ್‌ನಲ್ಲಿ ಇಂಥ ತಂಡಗಳು ಕಟ್ಟಿದ ಮನೆಗಳನ್ನು ಕರ್ಟ್ ವೆರ್ ಬೀಕ್ ಎಂಬ ಕ್ರೈಸ್ತ ವಿದ್ವಾಂಸರು ಅಧ್ಯಯನ ಮಾಡಿದ್ದಾರೆ. ಅಲ್ಲಿಯ ಸಂಸ್ಥೆಗಳು ಸುಮಾರು 2,000 ಡಾಲರಿನಲ್ಲಿ ಕಟ್ಟಿಸುತ್ತಿದ್ದ ಮನೆಗೆ, ಉತ್ತರ ಅಮೆರಿಕದ ತಂಡ ಬಂದು ಕಟ್ಟಿದರೆ ಪ್ರಯಾಣವೂ ಸೇರಿ ಸುಮಾರು 30,000 ಡಾಲರ್ ತಗಲುತ್ತಿತ್ತು. ಹಾಗಾದರೆ ಹಣವನ್ನಷ್ಟೇ ಕಳುಹಿಸಬಾರದೇ ಎಂದು ನೀವು ಕೇಳುತ್ತೀರಿ. ಕಳುಹಿಸಬಹುದು. ಆದರೆ ಎಂದೂ ನೋಡದ ಊರಿಗೆ ಅಷ್ಟು ಹಣ ಎತ್ತಿಕೊಡುವವರು ವಿರಳ. ಈ ತೊಡಕಿಗೆ ನನ್ನಲ್ಲಿ ಸುಲಭದ ಪರಿಹಾರವಿಲ್ಲ.

ಮಧ್ಯಾಹ್ನದ ಮಕ್ಕಳ ಶಾಲೆಯಲ್ಲಿ ನನಗೆ ಹೆಚ್ಚು ಸಂತೋಷವಾಯಿತು. ಅಲ್ಲಿ ಶಾಲಾ ವರ್ಷ ಜನವರಿಯಿಂದ ಅಕ್ಟೋಬರ್ ತನಕ. ಆದುದರಿಂದ ಮಕ್ಕಳು ತರಗತಿ ಮುಗಿಸಿಕೊಂಡು ಬರುತ್ತಿದ್ದರು. ನಮ್ಮವರ ಇಂಗ್ಲಿಷ್ ಕಥೆ ಸ್ಪ್ಯಾನಿಷ್‌ಗೆ ಹೋಗಿ, ಅಲ್ಲಿಂದ ಕಾಕ್ಚಿಕೆಲ್‌ಗೆ ಇಳಿಯುವಷ್ಟರಲ್ಲಿ ಒಳ್ಳೆಯ ಸಮಾರ್ಯದವನು ಅರ್ಧ ದಾರಿಯಲ್ಲೇ ಬಸವಳಿದಿರುತ್ತಿದ್ದ. ಕೊನೆಯ ಅನುವಾದ ಮಾಡುತ್ತಿದ್ದವಳು ಆ ಸಭೆಯ ಹದಿನೆಂಟರ ಒಬ್ಬ ಹುಡುಗಿ. ಎರಡನೆಯ ದಿನ ಅವಳಿಗೇ ಕಥೆ ಹೇಳಲು ಬಿಟ್ಟು ನಾವು ಹಿಂದೆ ಕುಳಿತುಕೊಳ್ಳೋಣ ಎಂದು ನಾನು ಹಟ ಹಿಡಿದೆ. ಅವಳು ಬಾಯಿ ತೆರೆದದ್ದೇ ತಡ, ಮಕ್ಕಳು ಮುಂದೆ ಮುಂದೆ ಸರಿದು ಕುಳಿತರು. ಅಂಥ ಶಿಕ್ಷಕಿಯನ್ನು ನಾನು ಹೆಚ್ಚು ಕಂಡಿಲ್ಲ.

ಅಲ್ಲಿಯ ಸಭಾಪಾಲಕರು ಎರಡು ವಿಷಯಗಳಲ್ಲಿ ಕಟ್ಟುನಿಟ್ಟಾಗಿದ್ದರು. ತಾಯಂದಿರ ಒಪ್ಪಿಗೆಯಿಲ್ಲದೆ ಮಕ್ಕಳ ಛಾಯಾಚಿತ್ರ ತೆಗೆಯಕೂಡದು. ಅನಾಥಾಲಯದ ಭೇಟಿ ಬೇಡವೇ ಬೇಡ. ಮೊದಲನೆಯದನ್ನು ಮರೆತು ನಮ್ಮವರೊಬ್ಬರು ಸಂತೆಯಲ್ಲಿ ಕ್ಯಾಮೆರಾ ಎತ್ತಿದಾಗ ತಾಯಿಯೊಬ್ಬಳು ಮಗುವನ್ನು ಸೆರಗಿನೊಳಗೆ ಎಳೆದುಕೊಂಡ ರೀತಿ ನನ್ನ ಕಣ್ಣಿಗೆ ಕಟ್ಟಿದೆ. ಆ ಭಯಕ್ಕೆ ಕಾರಣವಿತ್ತು. 2007ರೊಂದರಲ್ಲೇ ನಾಲ್ಕು ಸಾವಿರಕ್ಕೂ ಹೆಚ್ಚು ಗ್ವಾಟೆಮಾಲಾದ ಮಕ್ಕಳು ಅಮೆರಿಕಕ್ಕೆ ದತ್ತು ಹೋಗಿದ್ದರು. ಕದ್ದ ಮಕ್ಕಳೂ ಅವರಲ್ಲಿ ಸೇರಿದ್ದವು ಎಂಬುದು ಬಯಲಾದ ಮೇಲೆ ಆ ವ್ಯವಹಾರಕ್ಕೆ ತಡೆ ಬಿತ್ತು. ಅದಕ್ಕೂ ಮುಂಚೆ, 2000ದಲ್ಲಿ, ತೋದೋಸ್ ಸಾಂತೋಸ್ ಎಂಬ ಊರಿನ ಸಂತೆಯಲ್ಲಿ ಮಕ್ಕಳ ಕಳ್ಳನೆಂದು ಶಂಕಿಸಿ ಜಪಾನಿನ ಪ್ರವಾಸಿಯೊಬ್ಬನನ್ನು ಜನ ಹೊಡೆದು ಕೊಂದಿದ್ದರು. ಇನ್ನು 2010ರ ಭೂಕಂಪದ ನಂತರ ಹೈಟಿಯಲ್ಲಿ ನಡೆದದ್ದು ನಿಮಗೂ ನೆನಪಿರಬಹುದು. ಅಮೆರಿಕದ ಹತ್ತು ಜನರ ಸೇವಾತಂಡವೊಂದು 33 ಮಕ್ಕಳನ್ನು ಅನಾಥರೆಂದು ಗಡಿ ದಾಟಿಸಲು ಹೊರಟು ಬಂಧನಕ್ಕೊಳಗಾಯಿತು; ಆ ಮಕ್ಕಳಿಗೆ ತಂದೆತಾಯಿಗಳಿದ್ದರು. ವಾರಕ್ಕೊಂದು ತಂಡ ಬಂದು ಮುದ್ದಾಡಿ ಹೋಗುವ ಅನಾಥಾಲಯದ ಮಗುವಿನ ಗತಿಯನ್ನು ಶಿಕ್ಷಕಿಯಾಗಿ ನಾನು ಊಹಿಸಬಲ್ಲೆ. ಹಳ್ಳಿಯ ಮಗು ಸಂಜೆ ತಾಯಿಯ ಹತ್ತಿರ ಓಡುತ್ತದೆ. ನಮ್ಮನ್ನು ನಾಲ್ಕು ದಿನದಲ್ಲಿ ಮರೆಯುತ್ತದೆ, ಮರೆಯಲೂಬೇಕು.

ಬಾಸೆಲ್ ಮಿಷನ್ನಿನವರು ಧಾರವಾಡಕ್ಕೆ ಬಂದದ್ದು 1837ರಲ್ಲಿ. ಕಿಟೆಲ್ ಅವರು 1853ರಲ್ಲಿ ಈ ನಾಡಿಗೆ ಬಂದರು, ಅವರ ನಿಘಂಟು ಅಚ್ಚಾದದ್ದು 1894ರಲ್ಲಿ. ಅವರ ಎಲ್ಲ ಕೆಲಸಗಳನ್ನೂ ನಾನು ಹೊಗಳಲಾರೆ. ಆದರೆ ಅವರು ಬಂದು ನೆಲೆಸಿ ಭಾಷೆ ಕಲಿತರು. ಒಂಬತ್ತು ದಿನದವರನ್ನು ಅವರ ಪಕ್ಕದಲ್ಲಿ ನಿಲ್ಲಿಸುವುದು ನ್ಯಾಯವಲ್ಲವೆಂದು ಬಲ್ಲೆ. ಆದರೂ ಹೋಗುವ ಯುವಕರು ಆರು ತಿಂಗಳು ಮೊದಲೇ ಆ ದೇಶದ ಭಾಷೆಗೆ ಕೂರಲಿ ಎಂದು ಕೇಳುವುದು ಹೆಚ್ಚಲ್ಲ.

2016ರಲ್ಲಿ ಸಭಾಪಾಲಕರ ಪತ್ರದಿಂದ ಒಲೆಗಳ ಸಮಾಚಾರ ತಿಳಿಯಿತು. ಬೆಳಗಿನ ಅಡುಗೆ ಹೊಸ ಒಲೆಯ ಮೇಲೆಯೇ. ಆದರೆ ಚಳಿಯ ಸಂಜೆಗಳಲ್ಲಿ ಸುತ್ತ ಕುಳಿತು ಮೈ ಕಾಯಿಸಿಕೊಳ್ಳಲು ಮೂರು ಕಲ್ಲಿನ ಬೆಂಕಿಯೂ ಉರಿಯುತ್ತದೆಯಂತೆ. ಇದನ್ನು ನಾವು ಯಾರೂ ಎಣಿಸಿರಲಿಲ್ಲ. ಮರುವರ್ಷದಿಂದ ಮಗಳ ಸಭೆಯವರು ನಾಲ್ಕೇ ಜನರನ್ನು ಕಳುಹಿಸಿ, ಉಳಿದ ಹಣವನ್ನು ಆ ಗೌಂಡಿಗಳ ಕೂಲಿಗೂ ಅನುವಾದದ ಹುಡುಗಿಯ ಶಿಕ್ಷಕ ತರಬೇತಿಗೂ ಕೊಡತೊಡಗಿದರು. ಆ ನಾಲ್ವರಲ್ಲಿ ಒಬ್ಬನಾಗಿ ಹೋದ ಮೊಮ್ಮಗ ಅಷ್ಟರಲ್ಲಿ ಸ್ಪ್ಯಾನಿಷ್ ಕಲಿತಿದ್ದ. ಆ ಮನೆಯೊಡತಿ ಅವನ ಕೈಗೆ ಬಿಸಿ ರೊಟ್ಟಿ ಇಟ್ಟು, ರೊಟ್ಟಿ ಹರಿದ ಅಜ್ಜಿ ಹೇಗಿದ್ದಾಳೆ ಎಂದು ವಿಚಾರಿಸಿದಳಂತೆ.